ಬರೆದು ಜೈಲಿಗೆ ಹೋದವರು, ಬರೆಯದೆಯೂ ಜೈಲಿಗೆ ಹೋದವರು

ಕುಂದಾಪುರ ಕಡೆಯ ಒಬ್ಬ ಎಸಿ ತಂತ್ರಜ್ಞ. ದುಡಿಮೆಗೆ ಅಂತ ಸೌದಿ ಅರೇಬಿಯಾಕ್ಕೆ ಹೋಗಿದ್ದವರು. 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಪೊಲೀಸರು ಅವರನ್ನು ಬಂಧಿಸಿದರು. ಆರೋಪ ಏನೆಂದರೆ, ಅವರ ಹೆಸರಿನ ಫೇಸ್‌ಬುಕ್ ಖಾತೆಯಲ್ಲಿ ಸೌದಿ ಯುವರಾಜನ ಬಗ್ಗೆ, ಮೆಕ್ಕಾದ ಬಗ್ಗೆ ಅವಹೇಳನದ ಮಾತುಗಳಿದ್ದವು. ಆ ಖಾತೆ ಅವರದ್ದಾಗಿರಲಿಲ್ಲ. ಪೌರತ್ವ ತಿದ್ದುಪಡಿ ಕಾಯ್ದೆಯ ಗಲಾಟೆಯ ದಿನಗಳಲ್ಲಿ ಅವರು ತಮ್ಮ ಸ್ವಂತ ಖಾತೆಯಲ್ಲಿ ಏನನ್ನೋ ಹಂಚಿಕೊಂಡಿದ್ದರು. ಆಕ್ಷೇಪ ಬಂದ ಮೇಲೆ ಕ್ಷಮೆ ಕೇಳಿ ಆ ಖಾತೆಯನ್ನು ಮುಚ್ಚಿಯೂ ಬಿಟ್ಟಿದ್ದರು. ಅದಾದ ಮೇಲೆ ಅವರ ಹೆಸರು, ಅವರ ಫೋಟೋ ಇಟ್ಟುಕೊಂಡು ಇನ್ಯಾರೋ ಹೊಸ ಖಾತೆ ತೆರೆದರು. ಬರೆದವರು ಊರಲ್ಲಿದ್ದರು, ಜೈಲಿಗೆ ಹೋದವರು ಸೌದಿಯಲ್ಲಿದ್ದರು.

ಹೆಂಡತಿ ಉಡುಪಿ ಪೊಲೀಸರಿಗೆ ದೂರು ಕೊಟ್ಟರು. ತನಿಖೆ ನಡೆದು, 2020ರ ಅಕ್ಟೋಬರ್‌ನಲ್ಲಿ ಮೂಡುಬಿದಿರೆ ಕಡೆಯ ಇಬ್ಬರು ಅಣ್ಣತಮ್ಮಂದಿರನ್ನು ಪೊಲೀಸರು ಬಂಧಿಸಿದರು. ನಕಲಿ ಖಾತೆ ತೆರೆದದ್ದು ಇವರೇ ಎಂಬುದು ಪೊಲೀಸರ ಆರೋಪ. ಅಷ್ಟಾದರೂ ಆ ತಂತ್ರಜ್ಞ ವಿಮಾನ ಹತ್ತಿ ಬೆಂಗಳೂರಿಗೆ ಬಂದು ಇಳಿದದ್ದು 2021ರ ಆಗಸ್ಟ್‌ನಲ್ಲಿ. ತಾನು ಬರೆಯದ ಒಂದು ಮಾತಿಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಜೈಲು.

ಇದೊಂದೇ ಪ್ರಕರಣ ಆಗಿದ್ದರೆ ಹಣೆಬರಹ ಅಂದುಕೊಂಡು ಸುಮ್ಮನಿರಬಹುದಿತ್ತು. ಮಂಗಳೂರು ಕಡೆಯ ಇನ್ನೊಬ್ಬರದ್ದೂ ಹೆಚ್ಚುಕಡಿಮೆ ಇದೇ ಕಥೆ. ಅವರು ಸೌದಿಯಲ್ಲಿ 25 ವರ್ಷ ದುಡಿದವರು. ಇಲ್ಲಿಯೂ ಅದೇ ಪೌರತ್ವ ಕಾಯ್ದೆಯ ಪರ ಹಾಕಿದ ಒಂದು ಪೋಸ್ಟ್, ಆಮೇಲೆ ಬೆದರಿಕೆ, ಆಮೇಲೆ ಅವರ ಹೆಸರಲ್ಲಿ ನಕಲಿ ಖಾತೆ, ಅದರಲ್ಲಿ ಸೌದಿ ದೊರೆಯ ವಿರುದ್ಧ, ಇಸ್ಲಾಂ ವಿರುದ್ಧ ಬರಹ. ಅಲ್ಲಿನ ಕೋರ್ಟು ಕೊಟ್ಟ ಶಿಕ್ಷೆ 15 ವರ್ಷ. ಇವರ ಹೆಂಡತಿಯೂ ಮಂಗಳೂರಲ್ಲಿ ದೂರು ಕೊಟ್ಟರು. ಪೊಲೀಸರು ಫೇಸ್‌ಬುಕ್‌ಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಆಕೆ ಹೈಕೋರ್ಟ್ ಮೆಟ್ಟಿಲು ಹತ್ತಿದರು. 2023ರ ಜೂನ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು, ತನಿಖೆಗೆ ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್ ಕಾರ್ಯಾಚರಣೆಯನ್ನೇ ನಿಲ್ಲಿಸಲು ಆದೇಶಿಸುವ ಬಗ್ಗೆ ಯೋಚಿಸಬೇಕಾಗುತ್ತದೆ ಎಂದು ಎಚ್ಚರಿಸುವ ಮಟ್ಟಕ್ಕೆ ಈ ಪ್ರಕರಣ ಹೋಯಿತು.

ಅರಬ್ ಜಗತ್ತಿನಲ್ಲಿ ಇಂಟರ್ನೆಟ್ ಮೇಲೆ ಮಾತಾಡಿದವರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಈಜಿಪ್ಟ್, ಟ್ಯುನಿಷಿಯಾ, ಸೌದಿಯ ಬ್ಲಾಗರುಗಳ ಹೆಸರು ಹೇಳುತ್ತಾರೆ. ಆ ಚರಿತ್ರೆಯ ಅಂಚಿನಲ್ಲಿ ಈ ಇಬ್ಬರು ಕನ್ನಡ ನಾಡಿನವರೂ ಇದ್ದಾರೆ. ಇವರಿಗೆ ಯಾವ ಪ್ರಶಸ್ತಿಯೂ ಬರಲಿಲ್ಲ, ಇವರ ಬಿಡುಗಡೆಗೆ ಯಾವ ದೇಶದ ರಾಜಧಾನಿಯಲ್ಲೂ ಮೇಣದಬತ್ತಿ ಹಚ್ಚಲಿಲ್ಲ. ಆದರೆ ಬ್ಲಾಗರುಗಳನ್ನು ಮಟ್ಟ ಹಾಕಲು ಮಾಡಿದ ವ್ಯವಸ್ಥೆಯೇ ಇವರನ್ನೂ ನುಂಗಿತು. ಅದು ಹೇಗೆ ಅಂತ ನೋಡಿದರೆ, ಇವತ್ತು ಕರ್ನಾಟಕದಲ್ಲಿ ನಡೀತಿರುವ ಒಂದು ಚರ್ಚೆಗೂ ಅದು ಪಾಠ ಆಗುತ್ತದೆ.

ಅವರು ಬರೆದದ್ದು ದಿನದ ಬದುಕನ್ನು

2004-05ರ ಹೊತ್ತಿಗೆ ಅರಬ್ ದೇಶಗಳಲ್ಲಿ ಬ್ಲಾಗು ಶುರುವಾದಾಗ ಅಲ್ಲಿನ ಪತ್ರಿಕೆಗಳು, ಟಿವಿ ಬಹುಪಾಲು ಸರ್ಕಾರದ ಅಂಕೆಯಲ್ಲಿದ್ದವು. ಹಾಗಾಗಿ ಬಸ್ಸು, ರೊಟ್ಟಿ, ಪೊಲೀಸ್ ಠಾಣೆ, ಲಂಚ ಇಂಥ ಸಾಮಾನ್ಯ ವಿಷಯಗಳನ್ನು ಬರೆಯುವುದೇ ರಾಜಕೀಯ ಆಗಿಬಿಡುತ್ತಿತ್ತು. ಈಜಿಪ್ಟ್‌ನ ಬ್ಲಾಗರುಗಳು 2006ರಲ್ಲಿ ಒಂದು ವಿಡಿಯೋ ಹಾಕಿದರು. ಕೈರೋದ ಒಬ್ಬ ಮಿನಿಬಸ್ ಚಾಲಕನಿಗೆ ಠಾಣೆಯಲ್ಲಿ ಪೊಲೀಸರು ಹಿಂಸೆ ಕೊಡುವ ದೃಶ್ಯ ಅದು. ಅದನ್ನು ಚಿತ್ರಿಸಿಕೊಂಡಿದ್ದು ಪೊಲೀಸರೇ, ಚಾಲಕನಿಗೆ ಅವಮಾನ ಮಾಡಲಿಕ್ಕೆ. ವಾಯಲ್ ಅಬ್ಬಾಸ್‌ನಂಥವರು ಅದನ್ನು ಜನರ ಮುಂದಿಟ್ಟ ಮೇಲೆ ಪತ್ರಿಕೆಗಳು ಎತ್ತಿಕೊಳ್ಳಲೇಬೇಕಾಯಿತು. 2007ರ ನವೆಂಬರ್‌ನಲ್ಲಿ ಇಬ್ಬರು ಪೊಲೀಸರಿಗೆ ಮೂರು ವರ್ಷ ಜೈಲಾಯಿತು. ಪೊಲೀಸರಿಗೇ ಶಿಕ್ಷೆಯಾಗುವುದು ಆ ದೇಶದಲ್ಲಿ ಸಣ್ಣ ಮಾತಾಗಿರಲಿಲ್ಲ.

ಟ್ಯುನಿಷಿಯಾದ 'ನವಾತ್' ತಾಣದವರು ಇನ್ನೂ ಜಾಣರು. ವಿಮಾನಗಳ ಫೋಟೋ ತೆಗೆಯುವ ಹವ್ಯಾಸಿಗಳು ಯುರೋಪಿನ ಬೇರೆ ಬೇರೆ ವಿಮಾನ ನಿಲ್ದಾಣಗಳಲ್ಲಿ ತೆಗೆದ ಚಿತ್ರಗಳನ್ನು ಜೋಡಿಸಿ, ಅಧ್ಯಕ್ಷರು ಅಧಿಕೃತ ಪ್ರವಾಸದಲ್ಲಿ ಇಲ್ಲದಾಗಲೂ ಅಧ್ಯಕ್ಷರ ವಿಮಾನ ಎಲ್ಲೆಲ್ಲಿ ಓಡಾಡುತ್ತಿದೆ ಅಂತ 2007ರಲ್ಲಿ ತೋರಿಸಿಬಿಟ್ಟರು. ಬೈಗುಳ ಇಲ್ಲ, ಘೋಷಣೆ ಇಲ್ಲ. ಲೆಕ್ಕ ಅಷ್ಟೇ. ಸೌದಿಯಲ್ಲಿ ಮನಾಲ್ ಅಲ್ ಶರೀಫ್ ಎಂಬಾಕೆ 2011ರ ಮೇ ತಿಂಗಳಲ್ಲಿ ತಾನು ಕಾರು ಓಡಿಸುವ ವಿಡಿಯೋ ಹಾಕಿ ಒಂಬತ್ತು ದಿನ ಜೈಲಲ್ಲಿದ್ದರು. ಏಳು ವರ್ಷದ ನಂತರ, 2018ರ ಜೂನ್‌ನಲ್ಲಿ, ಅಲ್ಲಿನ ಹೆಣ್ಣುಮಕ್ಕಳಿಗೆ ಕಾರು ಓಡಿಸುವ ಹಕ್ಕು ಸಿಕ್ಕಿತು.

ಬೆಲೆ ಕೊಟ್ಟವರ ಪಟ್ಟಿ ಉದ್ದ ಇದೆ. ಟ್ಯುನಿಷಿಯಾದ ಝುಹೇರ್ ಯಹ್ಯಾವಿ 2002ರಲ್ಲಿ ಬಂಧನಕ್ಕೊಳಗಾದರು, ಜೈಲಿನಿಂದ ಹೊರಬಂದು 2005ರಲ್ಲಿ ತೀರಿಕೊಂಡರು. ಈಜಿಪ್ಟ್‌ನ ಕರೀಂ ಅಮೀರ್‌ಗೆ 2007ರಲ್ಲಿ ನಾಲ್ಕು ವರ್ಷ ಶಿಕ್ಷೆ: ಇಸ್ಲಾಂಗೆ ಅವಮಾನ ಅಂತ ಮೂರು, ಅಧ್ಯಕ್ಷ ಮುಬಾರಕ್‌ಗೆ ಅವಮಾನ ಅಂತ ಒಂದು. ಸೌದಿಯ ರೈಫ್ ಬದಾವಿಗೆ 2014ರಲ್ಲಿ ಹತ್ತು ವರ್ಷ ಜೈಲು, ಸಾವಿರ ಛಡಿಯೇಟು. ಮೊದಲ ಐವತ್ತು ಏಟನ್ನು 2015ರ ಜನವರಿಯಲ್ಲಿ ಜನರೆದುರೇ ಹೊಡೆದರು. ಈಜಿಪ್ಟ್‌ನ ಅಲಾ ಅಬ್ದುಲ್ ಫತಾಹ್ ದಶಕದ ಬಹುಭಾಗವನ್ನು ಜೈಲಲ್ಲೇ ಕಳೆದು, ಕ್ಷಮಾದಾನ ಸಿಕ್ಕಿ ಹೊರಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ.

ಇವರೆಲ್ಲ ಒಂದೇ ಅಭಿಪ್ರಾಯದವರಲ್ಲ. ಎಡಪಂಥೀಯರು, ಧಾರ್ಮಿಕರು, ನಾಸ್ತಿಕರು ಎಲ್ಲರೂ ಇದ್ದರು. ಇವರ ಮೇಲೆ ಬಿದ್ದ ಆರೋಪಗಳು ಮಾತ್ರ ಹೆಚ್ಚುಕಡಿಮೆ ಒಂದೇ ಥರದವು. ಅವಮಾನ, ಸಾರ್ವಜನಿಕ ಶಾಂತಿ, ನಂಬಿಕೆಗೆ ಧಕ್ಕೆ, ಸುಳ್ಳು ಸುದ್ದಿ.

ಬಲೆಯ ಕಣ್ಣು ಎಷ್ಟು ಅಗಲ?

ಸೌದಿಯ ಸೈಬರ್ ಅಪರಾಧ ಕಾನೂನು ಬಂದದ್ದು 2007ರಲ್ಲಿ. ಅದರ 6ನೇ ಕಲಮಿನ ಪ್ರಕಾರ ಸಾರ್ವಜನಿಕ ಸುವ್ಯವಸ್ಥೆ, ಧಾರ್ಮಿಕ ಮೌಲ್ಯ, ಸಾರ್ವಜನಿಕ ನೈತಿಕತೆಗೆ ಧಕ್ಕೆ ತರುವ ಯಾವುದನ್ನೇ ಸೃಷ್ಟಿಸಿದರೂ, ರವಾನಿಸಿದರೂ ಐದು ವರ್ಷದವರೆಗೆ ಜೈಲು, 30 ಲಕ್ಷ ರಿಯಾಲ್‌ವರೆಗೆ ದಂಡ. ಧಕ್ಕೆ ಅಂದರೇನು, ಯಾರಿಗೆ, ಎಷ್ಟು ಅನ್ನುವುದನ್ನು ಆಡಳಿತವೇ ತೀರ್ಮಾನಿಸುತ್ತದೆ. 2017ರ ಭಯೋತ್ಪಾದನಾ ವಿರೋಧಿ ಕಾನೂನು ಇದರ ಮೇಲೊಂದು ಮಹಡಿ ಕಟ್ಟಿತು. ದೊರೆ ಅಥವಾ ಯುವರಾಜನ ಬಗ್ಗೆ ಧರ್ಮಕ್ಕೋ ನ್ಯಾಯಕ್ಕೋ ಕುಂದು ತರುವಂತೆ ಮಾತಾಡಿದರೆ ಐದರಿಂದ ಹತ್ತು ವರ್ಷ. ಯುಎಇಯಲ್ಲೂ ವದಂತಿ ಮತ್ತು ಸೈಬರ್ ಅಪರಾಧಗಳ ಹೊಸ ಕಾನೂನು 2022ರ ಜನವರಿಯಿಂದ ಜಾರಿಯಲ್ಲಿದೆ.

ಬಲೆಯನ್ನು ಹೀಗೆ ನೇಯ್ದ ಮೇಲೆ ದೊಡ್ಡ ಮೀನು ಸಣ್ಣ ಮೀನು ಅನ್ನುವ ಭೇದ ಉಳಿಯೋದಿಲ್ಲ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಸಲ್ಮಾ ಅಲ್ ಶೆಹಾಬ್ ರಜೆಗೆ ಅಂತ ಊರಿಗೆ ಬಂದಿದ್ದವರು. ಟ್ವೀಟ್‌ಗಳಿಗಾಗಿ 2022ರಲ್ಲಿ ಅವರಿಗೆ 34 ವರ್ಷ ಶಿಕ್ಷೆ ವಿಧಿಸಿದರು. ಆಮೇಲೆ ಅದನ್ನು ಇಳಿಸುತ್ತಾ ಬಂದು, 2025ರ ಫೆಬ್ರುವರಿಯಲ್ಲಿ ಬಿಟ್ಟರು. ನಿವೃತ್ತ ಶಿಕ್ಷಕ ಮುಹಮ್ಮದ್ ಅಲ್ ಗಾಮ್ದಿಗೆ 2023ರಲ್ಲಿ ಮರಣದಂಡನೆಯೇ ಆಯಿತು. ಅವರ ಖಾತೆಗಳನ್ನು ಹಿಂಬಾಲಿಸುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ಮರಣದಂಡನೆ ರದ್ದಾಗಿ 2024ರಲ್ಲಿ ಅದು 30 ವರ್ಷ ಜೈಲಾಯಿತು. ಅವರ ಮಾತಿನಿಂದ ಯಾವ ಸಿಂಹಾಸನ ಅಲ್ಲಾಡುತ್ತಿತ್ತು? ಆದರೆ ಅಂಥವರಿಗೇ ಶಿಕ್ಷೆಯಾದರೆ ಮಿಕ್ಕವರು ತಾವಾಗಿಯೇ ಬಾಯಿ ಮುಚ್ಚಿಕೊಳ್ಳುತ್ತಾರೆ.

ನಮ್ಮ ಕರಾವಳಿಯ ಆ ಇಬ್ಬರು ಸಿಕ್ಕಿಬಿದ್ದದ್ದು ಈ ಬಲೆಗೇ. ಇಂಥ ಕಾನೂನಿನ ಕೆಳಗೆ ಪರದೆಯ ಮೇಲಿನ ಹೆಸರೇ ಸಾಕ್ಷಿಯಾಗುತ್ತದೆ. ಅದನ್ನು ಅಲ್ಲಗಳೆಯುವ ಭಾರ ಹೆಸರಿನವನ ಮೇಲೆ ಬೀಳುತ್ತದೆ. ಅವನೋ ಪರದೇಶಿ. ಅರಬ್ಬಿಯಲ್ಲಿ ಕೋರ್ಟಿನ ಮುಂದೆ ಮಾತಾಡಲಾರ, ವೀಸಾ ಕೆಲಸ ಕೊಟ್ಟ ಕಂಪನಿಯ ಕೈಯಲ್ಲಿ, ಹೆಂಡತಿ ಮಕ್ಕಳು ಸಮುದ್ರದ ಈಚೆ. ಒಬ್ಬನ ಮೇಲೆ ದ್ವೇಷ ಇದ್ದವನಿಗೆ ಇದಕ್ಕಿಂತ ಸುಲಭದ ಆಯುಧ ಸಿಗೋದಿಲ್ಲ. ಹತ್ತು ನಿಮಿಷದ ಕೆಲಸ, ಒಂದು ಫೋಟೋ, ನಾಲ್ಕು ಸಾಲು. ಮಿಕ್ಕಿದ್ದನ್ನು ಅಲ್ಲಿನ ಕಾನೂನೇ ಮಾಡುತ್ತದೆ. ಅಂದರೆ, ಸುಳ್ಳನ್ನು ತಡೆಯುತ್ತೇವೆ ಅನ್ನುವ ಕಾನೂನು ಸುಳ್ಳು ಹೇಳಿದವನ ಕೈಯಲ್ಲೇ ಕೋಲಾಯಿತು.

ಕಂಪನಿಗಳ ಪಾತ್ರವನ್ನೂ ಹೇಳಬೇಕು. ಟ್ವಿಟರ್‌ನಲ್ಲಿ ಕೆಲಸಕ್ಕಿದ್ದ ಒಬ್ಬರು ಬಳಕೆದಾರರ ಮಾಹಿತಿಯನ್ನು ಸೌದಿಗೆ ಒದಗಿಸಿದ್ದಕ್ಕೆ 2022ರಲ್ಲಿ ಅಮೆರಿಕದ ಕೋರ್ಟಿನಲ್ಲಿ ದೋಷಿ ಎಂದು ತೀರ್ಮಾನವಾಯಿತು. ಮಾತಾಡಿದವರ ಗುಟ್ಟು ಹೀಗೆ ಸೋರಿಹೋಯಿತು. ಇತ್ತ ಮಾತಾಡದೇ ಜೈಲಿಗೆ ಹೋದ ಮನುಷ್ಯನ ನಿರಪರಾಧಿತ್ವಕ್ಕೆ ಬೇಕಾದ ಮಾಹಿತಿ ಕೇಳಿದರೆ ಮಂಗಳೂರು ಪೊಲೀಸರಿಗೆ ಉತ್ತರವೇ ಇಲ್ಲ. ಮೊದಲ ಬ್ಲಾಗರುಗಳು ಬರೆಯುತ್ತಿದ್ದದ್ದು ಬಹುಮಟ್ಟಿಗೆ ತಾವೇ ಕಟ್ಟಿಕೊಂಡ ಗುಡಿಸಲಲ್ಲಿ. ಆಮೇಲೆ ಎಲ್ಲರೂ ಬಂದು ಸೇರಿದ್ದು ದೊಡ್ಡ ಸಾಹುಕಾರರ ಛತ್ರಕ್ಕೆ. ಆ ಛತ್ರದಲ್ಲಿ ನಿಮ್ಮ ಹೆಸರಲ್ಲಿ ಇನ್ಯಾರಾದರೂ ಕೋಣೆ ಹಿಡಿದರೆ ಕೇಳುವವರಿಲ್ಲ.

ಶ್ರೀರಂಗಪಟ್ಟಣದ ಪಕ್ಕದಲ್ಲಿ ನಿಂತು ನೋಡಿದರೆ

ಬಾಬುರಾಯನಕೊಪ್ಪಲಿನ ಹೆದ್ದಾರಿ ಪಕ್ಕ ಚಹಾ ಕುಡಿಯುವವರಿಗೆ ಇದೆಲ್ಲ ಕರಾವಳಿಯವರ ಗೋಳು, ನಮಗೇನು ಅನ್ನಿಸಬಹುದು. ಗಲ್ಫ್‌ಗೆ ಹೋಗುವವರಲ್ಲಿ ದಕ್ಷಿಣ ಕನ್ನಡ, ಉಡುಪಿ, ಭಟ್ಕಳದವರೇ ಹೆಚ್ಚು ಅನ್ನುವುದು ನಿಜ. ಹಾಗಂತ ಈ ಊರಿಗೂ ಆ ಕಡಲಿಗೂ ನಂಟೇ ಇಲ್ಲ ಅನ್ನುವಂತಿಲ್ಲ. ಇಲ್ಲೇ ಪಕ್ಕದ ಕೋಟೆಯಿಂದ ಆಳಿದ ಟಿಪ್ಪು ಮಸ್ಕತ್‌ನಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಆದರೆ ಇವತ್ತಿನ ನಂಟು ವ್ಯಾಪಾರದ್ದಲ್ಲ, ಬಾಯಿಮಾತಿನದ್ದು. ಪರದೆಯ ಮೇಲಿನ ಒಂದು ಮಾತು ಊರನ್ನು ಹೇಗೆ ಕೆಡಿಸಬಹುದು, ಹೇಗೆ ಸರಿಮಾಡಬಹುದು ಅನ್ನುವುದನ್ನು ಮಂಡ್ಯ ಜಿಲ್ಲೆ ಕಣ್ಣಾರೆ ಕಂಡಿದೆ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಗೆ ಪ್ರಧಾನಿ ಮಂಡ್ಯಕ್ಕೆ ಬಂದಾಗ ಉರಿಗೌಡ, ನಂಜೇಗೌಡರ ಹೆಸರಿನ ಒಂದು ಸ್ವಾಗತ ಕಮಾನು ಎದ್ದಿತ್ತು. 1799ರ ಮೇ 4ರಂದು ಟಿಪ್ಪುವನ್ನು ಕೊಂದದ್ದು ಇಂಗ್ಲಿಷರಲ್ಲ, ಈ ಇಬ್ಬರು ಒಕ್ಕಲಿಗರು ಎಂಬ ಕಥೆ ಅದಕ್ಕೆ ಮುಂಚೆಯೇ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿತ್ತು. ಆಕ್ಷೇಪ ಬಂದು ಕಮಾನಿನ ಹೆಸರು ಬದಲಾಯಿತು. ಆಗ ಸಚಿವರಾಗಿದ್ದ ಮುನಿರತ್ನ ಆ ಹೆಸರಲ್ಲಿ ಸಿನಿಮಾ ಮಾಡುತ್ತೇನೆ ಅಂತ ಹೊರಟರು. ಕೊನೆಗೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ, ಸರಿಯಾದ ದಾಖಲೆ ಇಲ್ಲದೆ ಇದನ್ನು ಮುಂದುವರಿಸಬಾರದು ಅಂದ ಮೇಲೆ ಸಿನಿಮಾ ನಿಂತಿತು. ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲ.

ಈ ಕಥೆ ನಿಂತದ್ದು ಯಾವ ಕಾನೂನಿನಿಂದ? ಯಾವುದರಿಂದಲೂ ಅಲ್ಲ. ಯಾರನ್ನೂ ಜೈಲಿಗೆ ಹಾಕಲಿಲ್ಲ, ಯಾವ ಪ್ರಾಧಿಕಾರವೂ ಸತ್ಯ ಸುಳ್ಳು ತೀರ್ಮಾನಿಸಲಿಲ್ಲ. ಇತಿಹಾಸ ಬಲ್ಲವರು ದಾಖಲೆ ಎಲ್ಲಿ ಅಂತ ಕೇಳಿದರು. ಬರೆಯುವವರು ಬರೆದರು. ರಾಜಕಾರಣಿಗಳು ಜಗಳಾಡಿದರು. ಯಾರ ಹೆಸರಿನಲ್ಲಿ ಕಥೆ ಕಟ್ಟಲಾಗಿತ್ತೋ ಆ ಸಮುದಾಯದ ಗುರುಗಳೇ ಮಾತಾಡಿದರು. ಮಾತಿಗೆ ಮಾತೇ ಎದುರಾಗಿ ನಿಂತಿತು. ಎಲ್ಲ ಸಲವೂ ಹೀಗೇ ಆಗುತ್ತದೆ ಅನ್ನಲಾಗದು. 2024ರ ಸೆಪ್ಟೆಂಬರ್ 11ರ ರಾತ್ರಿ ಗಣೇಶ ಮೆರವಣಿಗೆ ವೇಳೆ ನಾಗಮಂಗಲ ಹೊತ್ತಿ ಉರಿದಾಗ, ಅಂಗಡಿ ಕಳೆದುಕೊಂಡವರಿಗೆ ಈ ಮಾತು ಸಮಾಧಾನ ಕೊಡೋದಿಲ್ಲ. ಅದಾದ ಎರಡೇ ದಿನಕ್ಕೆ ಬೆಂಗಳೂರಿನ ಟೌನ್‌ಹಾಲ್ ಬಳಿ ಪ್ರತಿಭಟನಾಕಾರರನ್ನು ವಶಕ್ಕೆ ಪಡೆದಾಗ ಪೊಲೀಸ್ ವಾಹನದಲ್ಲಿಟ್ಟ ಗಣೇಶ ಮೂರ್ತಿಯ ಫೋಟೋ, 'ಗಣೇಶನನ್ನೇ ಬಂಧಿಸಿದರು' ಅಂತ ದೇಶವೆಲ್ಲ ಸುತ್ತಿತು. ಹಿಂದುಮುಂದು ಕತ್ತರಿಸಿದ ಒಂದು ಚಿತ್ರಕ್ಕೆ ಅಷ್ಟು ಬಲ.

ಹಾಗಾದರೆ ಕಾನೂನೇ ಬೇಡವೇ?

ಈ ಪ್ರಶ್ನೆ ನ್ಯಾಯವಾದದ್ದೇ. ಸುಳ್ಳು, ದ್ವೇಷ ಎರಡೂ ಹೆಚ್ಚಿವೆ ಅನ್ನುವ ಆತಂಕದಿಂದಲೇ ಕರ್ನಾಟಕ ಸರ್ಕಾರ 2025ರಲ್ಲಿ ಎರಡು ಹೆಜ್ಜೆ ಇಟ್ಟಿತು. ಒಂದು, ಜೂನ್‌ನಲ್ಲಿ ಹೊರಬಿದ್ದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು. ಅದರಲ್ಲಿ ಏಳು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡದ ಪ್ರಸ್ತಾವ ಇತ್ತು. ಜೊತೆಗೆ ಒಂದು ಪ್ರಾಧಿಕಾರ. ಸ್ತ್ರೀವಾದ ವಿರೋಧಿ ಬರಹ, ಸನಾತನ ಸಂಕೇತಗಳಿಗೆ ಅಗೌರವ, ಮೂಢನಂಬಿಕೆಯ ಪ್ರಚಾರ, ಎಲ್ಲವನ್ನೂ ಅದೇ ಚೀಲಕ್ಕೆ ತುಂಬಲಾಗಿತ್ತು. ಎರಡನೆಯದು, ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾದ ದ್ವೇಷ ಭಾಷಣ ತಡೆ ಮಸೂದೆ. ಅದರಲ್ಲಿ ಒಂದರಿಂದ ಏಳು ವರ್ಷ ಶಿಕ್ಷೆ.

ಉದ್ದೇಶ ಒಳ್ಳೆಯದು ಅಂತಲೇ ಇಟ್ಟುಕೊಳ್ಳೋಣ. ಸೌದಿಯ ಕಾನೂನಿಗೂ ನಮ್ಮದಕ್ಕೂ ಸಮ ಅಂತ ಹೇಳಿದರೆ ಅದು ಅತಿಯಾಗುತ್ತದೆ. ನಮ್ಮಲ್ಲಿ ಸಂವಿಧಾನ ಇದೆ, ಹೈಕೋರ್ಟ್ ಇದೆ, ಜಾಮೀನು ಇದೆ, ಐದು ವರ್ಷಕ್ಕೊಮ್ಮೆ ಮತ ಇದೆ. ಆದರೂ 'ಅಗೌರವ', 'ಅವಮಾನ', 'ಸುಳ್ಳು' ಅನ್ನುವ ಅಗಲ ಬಾಯಿಯ ಪದಗಳನ್ನು ಶಿಕ್ಷೆಯ ಜೊತೆ ಕಟ್ಟಿದಾಗ ಏನಾಗುತ್ತದೆ ಅನ್ನುವುದಕ್ಕೆ ಹೊರದೇಶದ ಉದಾಹರಣೆಯೇ ಬೇಕಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ಹಾಗೇ ಇತ್ತು. ಕಿರಿಕಿರಿ ಮಾಡುವ ಸಂದೇಶ ಕಳಿಸಿದರೂ ಮೂರು ವರ್ಷ ಜೈಲು. ಪೋಸ್ಟ್ ಹಾಕಿದವರಲ್ಲ, ಲೈಕ್ ಒತ್ತಿದವರೂ ಠಾಣೆ ಕಂಡರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ಪೂರ್ತಿ ಹೊಡೆದುಹಾಕಿತು. ಕಾರಣ, ಆ ಪದಗಳಿಗೆ ಗಡಿಯೇ ಇರಲಿಲ್ಲ.

ಇನ್ನೊಂದು ಮಾತು. ಇಂಥ ಕಾನೂನು ಮಾಡುವ ಸರ್ಕಾರ ಯಾವಾಗಲೂ ತಾನೇ ಅಧಿಕಾರದಲ್ಲಿರುತ್ತೇನೆ ಅಂದುಕೊಂಡಿರುತ್ತದೆ. ಇವತ್ತು ಉರಿಗೌಡನ ಕಥೆ ಹೇಳಿದವನ ಮೇಲೆ ಹಾಕುವ ಕಲಮನ್ನೇ ನಾಳೆ ಬರುವವರು ಆ ಕಥೆಗೆ ದಾಖಲೆ ಕೇಳಿದವನ ಮೇಲೆ ಹಾಕಬಹುದು. 2023ರ ಮಾರ್ಚ್‌ನಲ್ಲಿ ಸತ್ಯ ಸುಳ್ಳು ತೀರ್ಮಾನಿಸುವ ಪ್ರಾಧಿಕಾರ ಒಂದು ಇದ್ದಿದ್ದರೆ, ಅದು ಸಚಿವರ ಮಾತನ್ನು ಸುಳ್ಳು ಅನ್ನುತ್ತಿತ್ತೇ, ಪ್ರಶ್ನೆ ಕೇಳಿದವರ ಮಾತನ್ನೇ? ಒಂದು ಕ್ಷಣ ಯೋಚಿಸಿ.

ಕರಾವಳಿಯ ಎರಡು ಪ್ರಕರಣಗಳಲ್ಲಿ ನಿಜವಾದ ಅಪರಾಧ ಯಾವುದು? ಅಭಿಪ್ರಾಯ ಹೇಳಿದ್ದಲ್ಲ, ಇನ್ನೊಬ್ಬನ ಹೆಸರು ಕದ್ದದ್ದು. ಅದಕ್ಕೆ ನಮ್ಮಲ್ಲಿ ಕಾನೂನು ಈಗಾಗಲೇ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಮತ್ತು 66ಡಿ ಕಲಮುಗಳಲ್ಲಿ ಗುರುತು ಕದಿಯುವುದಕ್ಕೆ, ಇನ್ನೊಬ್ಬರಂತೆ ನಟಿಸಿ ವಂಚಿಸುವುದಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ನಕಲಿ ಗುರುತಿನ ಬಗ್ಗೆ ದೂರು ಬಂದರೆ ಕಂಪನಿ ನಿಗದಿತ ಗಂಟೆಗಳೊಳಗೆ ಕ್ರಮ ಕೈಗೊಳ್ಳಬೇಕು, ಅಧಿಕೃತ ತನಿಖಾ ಸಂಸ್ಥೆ ಕೇಳಿದರೆ 72 ಗಂಟೆಯೊಳಗೆ ಮಾಹಿತಿ ಕೊಡಬೇಕು ಅಂತ 2021ರ ನಿಯಮಗಳೇ ಹೇಳಿವೆ. ಕಾನೂನು ಇಲ್ಲದ್ದಕ್ಕೆ ಮಂಗಳೂರಿನ ಆ ಹೆಣ್ಣುಮಗಳು ಹೈಕೋರ್ಟ್‌ವರೆಗೂ ಅಲೆಯಲಿಲ್ಲ. ಇರುವ ಕಾನೂನಿನ ಕೆಲಸ ಯಾರೂ ಮಾಡಿಸದ್ದಕ್ಕೆ ಅಲೆದರು.

ಮಾಡಬಹುದಾದದ್ದು

ಮೊದಲನೆಯದು, ವಿದೇಶದಲ್ಲಿರುವವರ ಹೆಸರಲ್ಲಿ ನಕಲಿ ಖಾತೆ ಎಂಬ ದೂರು ಬಂದರೆ ಅದನ್ನು ಜಿಲ್ಲಾ ಸೈಬರ್ ಠಾಣೆಯ ಸಾಮಾನ್ಯ ಸಾಲಿನಲ್ಲಿ ನಿಲ್ಲಿಸಬಾರದು. ದೂರು ದಾಖಲಾದ ದಿನವೇ ಅದರ ಅಧಿಕೃತ ಅರಬ್ಬಿ ಅನುವಾದ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ಬಂಧನವಾದ ಮೊದಲ ವಾರದಲ್ಲಿ ಅಲ್ಲಿನ ತನಿಖಾಧಿಕಾರಿಯ ಕೈಗೆ ಸಿಗುವ ಒಂದು ಹಾಳೆ, ಶಿಕ್ಷೆಯಾದ ಮೇಲೆ ಸಿಗುವ ನೂರು ಹಾಳೆಗಿಂತ ಹೆಚ್ಚು.

ಎರಡನೆಯದು, ವಕೀಲರ ಖರ್ಚು. ಕಷ್ಟಕ್ಕೆ ಸಿಕ್ಕ ಭಾರತೀಯರ ನೆರವಿಗೆ ಅಂತಲೇ ರಾಯಭಾರ ಕಚೇರಿಗಳಲ್ಲಿ ಸಮುದಾಯ ಕಲ್ಯಾಣ ನಿಧಿ 2009ರಿಂದ ಇದೆ. ದೂರು ಕೊಡಲು 'ಮದದ್' ಪೋರ್ಟಲ್ 2015ರಿಂದ ಇದೆ. ಹಳ್ಳಿಯ ಒಬ್ಬ ಹೆಂಗಸಿಗೆ ಇದರ ಹೆಸರು ಗೊತ್ತಿರೋದಿಲ್ಲ. ಕೇರಳದಲ್ಲಿ ಅನಿವಾಸಿಗಳಿಗೆ ಅಂತ 1996ರಲ್ಲೇ ಪ್ರತ್ಯೇಕ ಇಲಾಖೆ ಆಗಿದೆ. ಕರ್ನಾಟಕದ ಅನಿವಾಸಿ ಸಮಿತಿ ಸಮ್ಮೇಳನಗಳಾಚೆಗೂ ಕೆಲಸ ಮಾಡಬೇಕು. ಭಾರತ ಮತ್ತು ಸೌದಿ ನಡುವೆ ಶಿಕ್ಷೆಗೊಳಗಾದವರನ್ನು ಸ್ವದೇಶದ ಜೈಲಿಗೆ ವರ್ಗಾಯಿಸುವ ಒಪ್ಪಂದ 2010ರಲ್ಲೇ ಆಗಿದೆ. ಅದನ್ನು ಬಳಸಿಕೊಳ್ಳಲು ಕುಟುಂಬಕ್ಕೆ ಕೈಹಿಡಿದು ದಾರಿ ತೋರಿಸುವವರು ಬೇಕು.

ಮೂರನೆಯದು, ಹೊರಡುವ ಮುಂಚಿನ ತಿಳಿವಳಿಕೆ. ಕೆಲಸಕ್ಕೆ ಹೋಗುವವರಿಗೆ ಪೂರ್ವ ತರಬೇತಿ ಕೊಡುವ ವ್ಯವಸ್ಥೆ ಇದೆ. ಅದರಲ್ಲಿ ಅಲ್ಲಿನ ಸೈಬರ್ ಕಾನೂನಿನ ಬಗ್ಗೆ ಕನ್ನಡದಲ್ಲಿ ಒಂದು ಗಂಟೆಯ ಪಾಠ ಬೇಕು. ಇಲ್ಲಿಯ ರಾಜಕೀಯದ ಬಗ್ಗೆ ಅಲ್ಲಿ ಕೂತು ಮಾಡಿದ ಒಂದು ಕಾಮೆಂಟಿನಿಂದ ಕೆಲಸ ಹೋದವರಿದ್ದಾರೆ. 2020ರ ಏಪ್ರಿಲ್‌ನಲ್ಲಿ ಯುಎಇಯ ಭಾರತೀಯ ರಾಯಭಾರಿಯೇ ಬಹಿರಂಗವಾಗಿ ಎಚ್ಚರಿಕೆ ಕೊಡಬೇಕಾದ ಸ್ಥಿತಿ ಬಂದಿತ್ತು. ಊರಲ್ಲಿ ಕೂತು 'ಹಾಕು ಒಂದು ಪೋಸ್ಟು' ಅಂತ ಹುರಿದುಂಬಿಸುವವರಿಗೆ ಕಳೆದುಕೊಳ್ಳುವುದೇನೂ ಇರೋದಿಲ್ಲ.

ನಾಲ್ಕನೆಯದು ಕಷ್ಟದ್ದು. ನಮ್ಮ ಶಾಸನಸಭೆ ಮುಂದೆ ಮಾತಿನ ಬಗ್ಗೆ ಕಾನೂನು ಮಾಡುವಾಗೆಲ್ಲ ಕೇಳಬೇಕಾದ ಪ್ರಶ್ನೆ ಇದು: ಈ ಕಲಮಿನ ಕೆಳಗೆ ಮೊದಲು ಸಿಕ್ಕಿಬೀಳುವವರು ಯಾರು? ಐಟಿ ಸೆಲ್ ನಡೆಸುವವನಿಗೆ ವಕೀಲರಿದ್ದಾರೆ, ಪಕ್ಷ ಇದೆ. ಅವನ ಹೆಸರು ಖಾತೆಯ ಮೇಲೆ ಇರುವುದೂ ಇಲ್ಲ. ಸಿಗುವುದು ತನ್ನ ಸ್ವಂತ ಹೆಸರಲ್ಲಿ, ಸ್ವಂತ ಫೋಟೋ ಇಟ್ಟುಕೊಂಡು, ಬೈಪಾಸ್ ಬಂದು ವ್ಯಾಪಾರ ಹೋಯಿತು ಅಂತಲೋ, ನಾಲೆಗೆ ನೀರು ಬಿಟ್ಟಿಲ್ಲ ಅಂತಲೋ, ಗಣಿಯ ಸ್ಫೋಟಕ್ಕೆ ಗೋಡೆ ಬಿರುಕು ಬಿಟ್ಟಿತು ಅಂತಲೋ ಬರೆಯುವ ಪಾಂಡವಪುರದ, ಕೆ.ಆರ್. ಪೇಟೆಯ ಹುಡುಗ. ಕೈರೋದ ಬ್ಲಾಗರುಗಳು ಬರೆದದ್ದೂ ಇದನ್ನೇ ತಾನೇ? ಠಾಣೆ, ಬಸ್ಸು, ರೊಟ್ಟಿ.

ದ್ವೇಷಕ್ಕೆ, ಹಿಂಸೆಯ ಕರೆಗೆ, ಹೆಸರು ಕದಿಯುವುದಕ್ಕೆ ಶಿಕ್ಷೆ ಇರಲಿ. ಆ ಪದಗಳಿಗೆ ಗಡಿ ಕಲ್ಲು ನೆಡಲಿ. ಅಗೌರವಕ್ಕೆ, ಅವಮಾನಕ್ಕೆ, ಸರ್ಕಾರಕ್ಕೆ ಸುಳ್ಳು ಅನ್ನಿಸಿದ್ದಕ್ಕೆ ಶಿಕ್ಷೆ ಬೇಡ. ಒಂದು ನಕಲಿ ಖಾತೆ ಒಬ್ಬ ಮನುಷ್ಯನ 15 ವರ್ಷ ನುಂಗಲು ಬರೀ ದುಷ್ಟತನ ಸಾಕಾಗಲಿಲ್ಲ, ಅದಕ್ಕೆ ಒಂದು ಸಡಿಲ ಕಾನೂನೂ ಬೇಕಾಯಿತು. ದುಷ್ಟತನ ನಮ್ಮಲ್ಲೂ ಬೇಕಾದಷ್ಟಿದೆ. ಅಂಥ ಕಾನೂನನ್ನೂ ನಾವೇ ಕೈಯಾರೆ ಬರೆದುಕೊಳ್ಳಬೇಕೇ ಅನ್ನುವುದನ್ನು ವಿಧಾನಸೌಧದಲ್ಲಿ ಕೂತವರು ತೀರ್ಮಾನಿಸಲಿ. ಅವರು ತೀರ್ಮಾನಿಸುವ ಮುಂಚೆ ನಾವು ಕೇಳಬೇಕು, ನಮ್ಮ ನಮ್ಮ ಹೆಸರಿನಲ್ಲೇ.